ಸಂತೆಯಲ್ಲಿ ಸಿಕ್ಕ ಸಿಸ್ಟೀನ್ ಮಡೋನಾ: ಇದು ಅಸಲಿಯಾ, ನಕಲಾ?

ಓದುಗರ ಪ್ರಶ್ನೆ: ನಾನು ಉಡುಪಿಯವನು, ಈಗ ಕೆಲಸದ ಮೇಲೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿದ್ದೇನೆ. ಇಲ್ಲಿ ಎಲ್ಬೆ ನದಿಯ ದಂಡೆಯಲ್ಲಿ ಶನಿವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಅಲ್ಲಿ ಫ್ರೇಮ್ ಸಮೇತ ಒಂದು ಚಿತ್ರ ಕೊಂಡೆ. ಇಟಲಿಯ ಹಳೇ ಚಿತ್ರಕಾರ ರಾಫೆಲ್‌ನ ಸಿಸ್ಟೀನ್ ಮಡೋನಾ, ಅಂದರೆ ಮಗು ಯೇಸುವನ್ನು ಎತ್ತಿಕೊಂಡ ಮೇರಿಯ ಚಿತ್ರ. ಕಪ್ಪು ಬಿಳುಪು, ಒಟ್ಟಾರೆ ತೆಳು ಕೆನೆ ಬಣ್ಣ. ಪೆನ್ಸಿಲ್‌ನಲ್ಲಿ ಬಿಡಿಸಿದ ಹಾಗೇ ಕಾಣುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಎಡಕ್ಕೆ ‘ರಾಫೆಲ್ ಪಿಂಕ್ಸ್.’, ಬಲಕ್ಕೆ ‘ಹಾನ್‌ಫ್‌ಸ್ಟೆಂಗ್ಲ್ ಲಿತ್.’ ಎಂದಿದೆ. ಗೆಳೆಯರು ನೋಡಿ "ನಕಲು, ಸುಮ್ನೆ ದುಡ್ಡು ಹಾಕಿದೆ" ಅಂದರು. ಇದು ಕೈಯಲ್ಲಿ ಬಿಡಿಸಿದ್ದಾ, ಅಚ್ಚಾ? ಬೆಲೆ ಇದೆಯಾ? ಅಲ್ಲಲ್ಲಿ ಕಂದು ಚುಕ್ಕೆ ಬಂದಿದೆ, ತೆಗೆಯಬಹುದಾ? ಮುಂದಿನ ರಜೆಗೆ ಊರಿಗೆ ಒಯ್ಯುತ್ತೇನೆ. ಅಮ್ಮ ದೇವರ ಕೋಣೆಯಲ್ಲೇ ಇಡೋಣ ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಗೆಳೆಯರ ಮಾತನ್ನು ಮೊದಲು ಪಕ್ಕಕ್ಕಿಡಿ. ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಇದು ಅಚ್ಚು, ಕೈಯಲ್ಲಿ ನೇರವಾಗಿ ಕಾಗದದ ಮೇಲೆ ಬಿಡಿಸಿದ್ದಲ್ಲ. ಆದರೆ ಕೈಯಲ್ಲಿ ಬಿಡಿಸಿದ್ದು ಅನ್ನುವ ನಿಮ್ಮ ಅನಿಸಿಕೆಯೂ ಸುಳ್ಳಲ್ಲ. ಒಬ್ಬ ಮನುಷ್ಯ ಕಲ್ಲಿನ ಮೇಲೆ ಮೇಣದ ಕಡ್ಡಿ ಹಿಡಿದು ಬಿಡಿಸಿದ್ದು ಆ ಕಲ್ಲಿನಿಂದ ಕಾಗದಕ್ಕೆ ಇಳಿದಿದೆ. ಇದಕ್ಕೆ ನಮ್ಮಲ್ಲಿ ಹಳೆಯ, ಚಂದದ ಹೆಸರಿದೆ: ಕಲ್ಲಚ್ಚು. ಲಿಥೋಗ್ರಾಫ್ ಅಂದರೂ ಅದೇ.

ಕೆಳಗಿನ ಅಕ್ಷರಗಳಿಂದ ಶುರು ಮಾಡೋಣ. ಹಳೇ ಅಚ್ಚುಗಳಲ್ಲಿ ಯಾರು ಏನು ಮಾಡಿದರು ಎಂದು ಲ್ಯಾಟಿನ್ ಚುಟುಕು ಪದಗಳಲ್ಲಿ ಬರೆಯುತ್ತಿದ್ದರು. ‘ಪಿಂಕ್ಸ್.’ ಅಂದರೆ ಬಣ್ಣದ ಮೂಲ ಚಿತ್ರ ಬರೆದವರು. ‘ಡೆಲ್.’ ಅಂದರೆ ಅಚ್ಚಿಗಾಗಿ ರೇಖಾಚಿತ್ರ ಮಾಡಿದವರು. ‘ಸ್ಕಲ್ಪ್.’ ಇದ್ದರೆ ತಾಮ್ರ ಅಥವಾ ಉಕ್ಕಿನ ತಗಡಿನ ಮೇಲೆ ಕೆತ್ತಿದವರು. ‘ಲಿತ್.’ ಅಂದರೆ ಕಲ್ಲಿನ ಮೇಲೆ ಬಿಡಿಸಿದವರು. ಹಾಗಾಗಿ ನಿಮ್ಮ ಹಾಳೆ ತಾನು ಯಾರ ಕೈಯದು ಎಂದು ತಾನೇ ಹೇಳುತ್ತಿದೆ. ಚಿತ್ರ ರಾಫೆಲ್‌ನದು, ಕಲ್ಲಿನ ಕೆಲಸ ಹಾನ್‌ಫ್‌ಸ್ಟೆಂಗ್ಲ್‌ನದು. ಯಾರನ್ನಾದರೂ ಮೋಸ ಮಾಡುವ ಉದ್ದೇಶ ಇದ್ದಿದ್ದರೆ ಎರಡು ಹೆಸರು ಹಾಕುತ್ತಿರಲಿಲ್ಲ, ಅಲ್ವಾ?

ಫ್ರಾಂಟ್ಸ್ ಹಾನ್‌ಫ್‌ಸ್ಟೆಂಗ್ಲ್ ಹುಟ್ಟಿದ್ದು 1804ರಲ್ಲಿ, ಬವೇರಿಯಾದ ಒಂದು ಹಳ್ಳಿಯಲ್ಲಿ. ಮ್ಯೂನಿಕ್‌ನಲ್ಲಿ ಕಲಿತು, ಅಲ್ಲೇ ಕಲ್ಲಚ್ಚಿನಲ್ಲಿ ಜನರ ಮುಖಚಿತ್ರ ಬಿಡಿಸಿ ಹೆಸರು ಮಾಡಿದ. 1835ರಿಂದ 1852ರವರೆಗೆ ಡ್ರೆಸ್ಡೆನ್‌ನ ರಾಜಮನೆತನದ ಚಿತ್ರಸಂಗ್ರಹದ ಒಳ್ಳೊಳ್ಳೆ ಚಿತ್ರಗಳನ್ನು ಕಲ್ಲಚ್ಚಿಗೆ ತಂದ, ಸುಮಾರು 200 ಹಾಳೆ. ಹದಿನೇಳು ವರ್ಷದ ಕೆಲಸ. ಆ ಚಿತ್ರಗಳನ್ನು ನೋಡಲು ನೀವು ಈಗ ಟ್ರ್ಯಾಮ್ ಹತ್ತಿ ಹೋಗುವ ಗ್ಯಾಲರಿ ಕಟ್ಟಡ ಆಗ ಇನ್ನೂ ತೆರೆದಿರಲಿಲ್ಲ, ಅದು ತೆರೆದದ್ದು 1855ರಲ್ಲಿ. ಅವನ ಕಾಲದಲ್ಲಿ ಚಿತ್ರಗಳು ನೋಯ್‌ಮಾರ್ಕ್ಟ್ ಚೌಕದ ಹತ್ತಿರ, ಹಿಂದೆ ರಾಜರ ಕುದುರೆ ಲಾಯವಾಗಿದ್ದ ಕಟ್ಟಡದಲ್ಲಿ ತೂಗುತ್ತಿದ್ದವು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಾನ್‌ಫ್‌ಸ್ಟೆಂಗ್ಲ್ ಹೆಸರು ಕಂಡ ಮಾತ್ರಕ್ಕೆ ಕಲ್ಲಚ್ಚು ಎಂದು ತೀರ್ಮಾನಿಸಬೇಡಿ. 1853ರ ಹೊತ್ತಿಗೆ ಆತ ಫೋಟೋಗ್ರಫಿಗೆ ಹೊರಳಿದ. ಅವನ ಪ್ರಕಾಶನ ಸಂಸ್ಥೆ 20ನೇ ಶತಮಾನದಲ್ಲೂ ಇತ್ತು, ಅದೇ ಹೆಸರಿನಲ್ಲಿ ಹಳೆಯ ಚಿತ್ರಗಳ ಫೋಟೋ ಅಚ್ಚುಗಳನ್ನು ಮಾರುತ್ತಿತ್ತು. ಸಂತೆಯಲ್ಲಿ ಅವೂ ಸಿಗುತ್ತವೆ, ಅವೂ ಈಗ ಹಳೆಯದಾಗಿ ಹಳದಿಯಾಗಿವೆ. ವ್ಯತ್ಯಾಸ ತಿಳಿಯಲು ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಭೂತಗನ್ನಡಿ ತನ್ನಿ. ಚಿನ್ನದ ಅಂಗಡಿಯವರು ಕಣ್ಣಿಗೆ ಹಿಡಿಯುತ್ತಾರಲ್ಲ, ಅಂಥದ್ದು.

ಮಡೋನಾಳ ಕೆನ್ನೆಯ ನೆರಳಿನ ಭಾಗಕ್ಕೆ ಹಿಡಿದು ನೋಡಿ. ಕಲ್ಲಚ್ಚಾದರೆ ನುಣ್ಣನೆಯ ರವೆ ಚೆಲ್ಲಿದ ಹಾಗೆ ಕಪ್ಪು ಕಾಳುಗಳು ಕಾಣುತ್ತವೆ. ಒಂದರ ಹಾಗೆ ಇನ್ನೊಂದಿಲ್ಲ. ಕೆಲವು ಕಡೆ ಒತ್ತಾಗಿ, ಕೆಲವು ಕಡೆ ಬಿಡಿಬಿಡಿಯಾಗಿ. ಚಿತ್ರಕಾರ ಕಡ್ಡಿಯನ್ನು ಗಟ್ಟಿ ಒತ್ತಿದಲ್ಲಿ ಕಾಳು ಕೂಡಿಕೊಂಡು ಪೂರ್ತಿ ಕಪ್ಪಾಗಿರುತ್ತದೆ. ಬದಲಿಗೆ ಚುಕ್ಕೆಗಳು ಸಾಲು ಹಿಡಿದು, ಚಾಪೆ ಹೆಣೆದ ಹಾಗೆ ಅಚ್ಚುಕಟ್ಟಾಗಿ ಇದ್ದರೆ ಅದು ಆಮೇಲಿನ ಯಂತ್ರದ ಅಚ್ಚು, ಪತ್ರಿಕೆಯ ಫೋಟೋಗಳಲ್ಲಿ ಇರುತ್ತದಲ್ಲ, ಅದೇ. ಚುಕ್ಕೆಯೇ ಇಲ್ಲದೆ ಸೂಕ್ಷ್ಮವಾದ ಗೆರೆಗಳು ಒಂದರ ಮೇಲೊಂದು ಹಾದು ಹೋಗಿದ್ದರೆ ಅದು ತಗಡಿನ ಕೆತ್ತನೆ. ಕೆತ್ತನೆಯ ಶಾಯಿ ಕಾಗದದ ಮೇಲೆ ಸ್ವಲ್ಪ ಉಬ್ಬಿ ನಿಂತಿರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಗುರುತೂ ಇರುತ್ತದೆ. ಕಲ್ಲಚ್ಚಿನಲ್ಲಿ ಆ ತಗ್ಗು ಇರುವುದಿಲ್ಲ.

ನಿಮ್ಮ ಮೂರನೇ ಫೋಟೋದಲ್ಲಿ ಮಗುವಿನ ತೊಡೆಯ ಹತ್ತಿರ ಈ ರವೆ ಕಾಳು ನನಗೆ ಸ್ಪಷ್ಟವಾಗಿ ಕಂಡಿತು. ಚಿತ್ರದ ಸುತ್ತ ಒಂದು ತೆಳು ಅಂಚೂ ಇದೆ. ಅದನ್ನು ತಗಡಿನ ಗುರುತು ಎಂದುಕೊಳ್ಳಬೇಡಿ. ಅದು ತೀರಾ ತೆಳುವಾದ ಇನ್ನೊಂದು ಕಾಗದದ ಅಂಚು. ಒಳ್ಳೆಯ ಪ್ರತಿಗಳನ್ನು ಚೀನಾ ಕಾಗದ ಅಂತ ಕರೆಯುತ್ತಿದ್ದ ನವಿರು ಹಾಳೆಯ ಮೇಲೆ ಅಚ್ಚು ಹಾಕುತ್ತಿದ್ದರು. ಅಚ್ಚು ಬೀಳುವ ಒತ್ತಡದಲ್ಲೇ ಅದು ಕೆಳಗಿನ ದಪ್ಪ ಹಾಳೆಗೆ ಅಂಟಿಕೊಳ್ಳುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಕಂದು ಚುಕ್ಕೆಯ ವಿಷಯಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಕಲ್ಲಿನಿಂದ ಅಚ್ಚು ಹೇಗೆ ಬರುತ್ತದೆ ಎಂದು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಇದನ್ನು ಕಂಡುಹಿಡಿದವನು ಅಲೋಯಿಸ್ ಸೆನೆಫೆಲ್ಡರ್, ಮ್ಯೂನಿಕ್‌ನಲ್ಲಿ ನಾಟಕ ಬರೆದುಕೊಂಡಿದ್ದವನು. ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕುವ ದಾರಿ ಹುಡುಕುತ್ತಿದ್ದ. 1796ರಲ್ಲಿ ಒಂದು ದಿನ ಅವನ ತಾಯಿ ಒಗೆಯಲು ಕೊಡುವ ಬಟ್ಟೆಗಳ ಪಟ್ಟಿ ಬರೆದುಕೋ ಅಂದಳಂತೆ. ಕೈಗೆ ಕಾಗದ ಸಿಗಲಿಲ್ಲ. ಪಕ್ಕದಲ್ಲಿದ್ದ ನುಣುಪು ಕಲ್ಲಿನ ಮೇಲೆ ಮೇಣ ಬೆರೆತ ಶಾಯಿಯಲ್ಲಿ ಬರೆದ. ಅಲ್ಲಿಂದ ಶುರುವಾಯಿತು ಎಂದು ಅವನೇ ಆಮೇಲೆ ಬರೆದಿದ್ದಾನೆ. ಎರಡು ವರ್ಷ ತಡಕಾಡಿದ ಮೇಲೆ ನಿಜವಾದ ಗುಟ್ಟು ಸಿಕ್ಕಿತು: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ.

ಬವೇರಿಯಾದ ಸೋಲ್ನ್‌ಹೋಫನ್ ಊರಿನ ಸುಣ್ಣಕಲ್ಲು ಇದಕ್ಕೆ ಹೇಳಿ ಮಾಡಿಸಿದ್ದು. ಚಪ್ಪಡಿಯನ್ನು ಮರಳು ಹಾಕಿ ಉಜ್ಜಿ ಸಮ ಮಾಡುತ್ತಾರೆ. ಆಗ ಕಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ತರಿ ಉಳಿಯುತ್ತದೆ. ಮೇಣ, ಸೋಪು, ಕೊಬ್ಬು, ದೀಪದ ಕಪ್ಪು ಸೇರಿಸಿ ಮಾಡಿದ ಕಡ್ಡಿಯಿಂದ ಅದರ ಮೇಲೆ ಬಿಡಿಸುತ್ತಾರೆ. ಕಡ್ಡಿ ತರಿಯ ತುದಿಗಳಿಗೆ ಮಾತ್ರ ತಾಗುತ್ತದೆ. ನೀವು ಭೂತಗನ್ನಡಿಯಲ್ಲಿ ನೋಡುವ ರವೆ ಕಾಳು ಅಂದರೆ ಇದೇ, ಆ ಕಲ್ಲಿನ ಮೈ. ಬಿಡಿಸಿದ ಮೇಲೆ ಅರಬ್ಬಿ ಗೋಂದಿಗೆ ಚೂರು ಆಮ್ಲ ಸೇರಿಸಿ ಬಳಿಯುತ್ತಾರೆ. ಖಾಲಿ ಜಾಗ ಇನ್ನು ನೀರು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಕಡ್ಡಿ ತಾಗಿದ ಜಾಗದಲ್ಲಿ ನೀರು ನಿಲ್ಲುವುದಿಲ್ಲ, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಜಾರಿಹೋಗುತ್ತದೆ. ಕಲ್ಲನ್ನು ಒದ್ದೆ ಮಾಡಿ ಎಣ್ಣೆಯ ಶಾಯಿ ಹಚ್ಚಿದ ರೋಲರ್ ಉರುಳಿಸಿದರೆ ಶಾಯಿ ಗೆರೆಗಳಿಗೆ ಮಾತ್ರ ಹಿಡಿಯುತ್ತದೆ. ಕಾಗದ ಹಾಸಿ ಒತ್ತಿದರೆ ಚಿತ್ರ. ಪ್ರತಿ ಹಾಳೆಗೂ ಮತ್ತೆ ನೀರು, ಮತ್ತೆ ಶಾಯಿ. ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಅಳಿಸಿ ಮುಂದಿನ ಚಿತ್ರಕ್ಕೆ ತೆಗೆದುಕೊಳ್ಳುತ್ತಿದ್ದರು.

ಅಚ್ಚು ಎಡಬಲ ತಿರುಗಿ ಬೀಳುತ್ತದೆ. ಅಂದರೆ ಹಾನ್‌ಫ್‌ಸ್ಟೆಂಗ್ಲ್ ಇಡೀ ಮಡೋನಾವನ್ನು ಕಲ್ಲಿನ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬಿಡಿಸಬೇಕಿತ್ತು. ಎಲ್ಲವನ್ನೂ. ಮಗುವಿನ ಆ ನೋಟವನ್ನೂ.

ಇನ್ನು ನಿಮ್ಮ ಹಾಳೆಯ ತೆಳು ಕೆನೆ ಬಣ್ಣ. ಅದು ಪೂರ್ತಿ ಕಾಗದ ಹಳೆಯದಾಗಿ ಬಂದದ್ದಲ್ಲ. ಅದಕ್ಕೆ ಎರಡನೇ ಕಲ್ಲು ಬಳಸಿದ್ದಾರೆ. ಒಂದು ಕಲ್ಲಿನಿಂದ ಕಪ್ಪು, ಇನ್ನೊಂದರಿಂದ ಕೆನೆ ಛಾಯೆ. ಮಡೋನಾಳ ಹಣೆಯ ಮೇಲೆ, ಮಗುವಿನ ಭುಜದ ಮೇಲೆ ಬೆಳಕು ಹೊಳೆಯುತ್ತದೆ ನೋಡಿ. ಅಲ್ಲಿ ಎರಡನೇ ಕಲ್ಲನ್ನು ಕೆರೆದು ಜಾಗ ಖಾಲಿ ಬಿಟ್ಟಿದ್ದಾರೆ. ಆ ಬೆಳಕು ಬಣ್ಣವಲ್ಲ, ಬರೀ ಕಾಗದ.

ಈಗ ಮೂಲ ಚಿತ್ರಕ್ಕೆ ಬರುತ್ತೇನೆ. 1512ರಲ್ಲಿ ಪೋಪ್ ಎರಡನೇ ಜೂಲಿಯಸ್ ಇದನ್ನು ರಾಫೆಲ್‌ಗೆ ಹೇಳಿ ಬರೆಸಿದರು, ಇಟಲಿಯ ಪಿಯಾಚೆಂಝಾ ಊರಿನ ಸಂತ ಸಿಕ್ಸ್‌ಟಸ್ ಚರ್ಚಿನ ಪೂಜಾಪೀಠಕ್ಕಾಗಿ. ಸಿಸ್ಟೀನ್ ಅನ್ನುವ ಹೆಸರು ಬಂದದ್ದು ಆ ಸಂತನಿಂದ. ರೋಮ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಇತ್ತು ಎಂದು ಬಹಳ ಜನ ತಪ್ಪು ತಿಳಿಯುತ್ತಾರೆ. ಬಟ್ಟೆಯ ಮೇಲೆ ತೈಲವರ್ಣ, ಎರಡೂವರೆ ಮೀಟರಿಗೂ ಜಾಸ್ತಿ ಎತ್ತರ. ಸ್ಯಾಕ್ಸನಿಯ ದೊರೆ, ಪೋಲೆಂಡಿನ ರಾಜನೂ ಆಗಿದ್ದ ಮೂರನೇ ಆಗಸ್ಟಸ್ 1754ರಲ್ಲಿ ಇದನ್ನು ಕೊಂಡು ಡ್ರೆಸ್ಡೆನ್‌ಗೆ ತರಿಸಿದ.

ಹಸಿರು ಪರದೆ ಸರಿದಿದೆ. ಮೇರಿ ಮಗುವನ್ನು ಎತ್ತಿಕೊಂಡು ಬರಿಗಾಲಿನಲ್ಲಿ ಮೋಡದ ಮೇಲೆ ನಡೆದು ಬರುತ್ತಿದ್ದಾಳೆ. ನಮ್ಮ ಎಡಕ್ಕೆ ಮಂಡಿಯೂರಿದ ಸಂತ ಸಿಕ್ಸ್‌ಟಸ್ ನಮ್ಮ ಕಡೆಗೆ ಕೈ ತೋರಿಸುತ್ತಿದ್ದಾನೆ. ಬಲಕ್ಕೆ ಸಂತ ಬಾರ್ಬರಾ, ಕಣ್ಣು ಕೆಳಗೆ. ಅವಳ ಬೆನ್ನ ಹಿಂದೆ ಅವಳ ಗುರುತಾದ ಗೋಪುರದ ಚೂರು. ಕೆಳಗೆ ಮೊಳಕೈ ಊರಿ ಮೇಲೆ ನೋಡುವ ಆ ಎರಡು ಪುಟ್ಟ ದೇವದೂತರನ್ನು ಲೋಕವೆಲ್ಲ ಬಲ್ಲದು.

ನಿಮ್ಮ ಹಾಳೆಯ ನೆತ್ತಿಯಲ್ಲಿ ಪರದೆ ತೂಗಿದ ಸರಳು ಕಾಣುತ್ತದೆ. ನನಗೆ ಇದು ತುಂಬಾ ಖುಷಿ ಕೊಟ್ಟ ವಿಷಯ. ಒಂದು ಕಾಲಕ್ಕೆ ಮೂಲ ಚಿತ್ರದ ಬಟ್ಟೆಯನ್ನು ಮೇಲ್ತುದಿಯಲ್ಲಿ ಹಿಂದಕ್ಕೆ ಮಡಚಿಬಿಟ್ಟಿದ್ದರು. ಸರಳು ಯಾರಿಗೂ ಕಾಣುತ್ತಿರಲಿಲ್ಲ. 1826-27ರಲ್ಲಿ ಇಟಲಿಯ ಪಾಲ್ಮರೋಲಿ ಎಂಬ ಕುಶಲಿ ಡ್ರೆಸ್ಡೆನ್‌ಗೆ ಬಂದು ಚಿತ್ರ ದುರಸ್ತಿ ಮಾಡಿದಾಗ ಆ ಮಡಿಕೆ ಬಿಚ್ಚಿದ. ಹಾಗಾಗಿ ಅದಕ್ಕೆ ಮುಂಚಿನ ಕೆತ್ತನೆಗಳಲ್ಲಿ ಸರಳು ಇಲ್ಲ. ಆ ಕಾಲದಲ್ಲಿ ಎಷ್ಟೋ ಕಲ್ಲಚ್ಚುಗಳನ್ನು ಮೂಲ ನೋಡದೆ ಹಳೇ ಕೆತ್ತನೆ ನೋಡಿಯೇ ಮಾಡುತ್ತಿದ್ದರು. ಅವುಗಳಲ್ಲೂ ಸರಳು ತಪ್ಪಿಹೋಗುತ್ತದೆ. ನಿಮ್ಮದರಲ್ಲಿ ಇದೆ. ಇದನ್ನು ಬಿಡಿಸಿದವನು ಮಡಿಕೆ ಬಿಚ್ಚಿದ ಮೇಲಿನ ಚಿತ್ರವನ್ನೇ ಅನುಸರಿಸಿದ್ದಾನೆ.

ಹಳೇ ಕೆತ್ತನೆ ಅಂದಾಗ ಒಬ್ಬನ ಹೆಸರು ಹೇಳಲೇಬೇಕು. ಫ್ರೀಡ್ರಿಖ್ ಮ್ಯುಲ್ಲರ್ ಎಂಬ ಕೆತ್ತನೆಗಾರ ಇದೇ ಮಡೋನಾವನ್ನು ತಾಮ್ರದ ತಗಡಿನ ಮೇಲೆ ಕೆತ್ತಲು ವರ್ಷಗಟ್ಟಲೆ ದುಡಿದ. ತಗಡು ಮುಗಿದ 1816ರಲ್ಲೇ ಡ್ರೆಸ್ಡೆನ್ ಹತ್ತಿರದ ಪಿರ್ನಾದ ಸೊನ್ನೆನ್‌ಸ್ಟೈನ್ ಮನೋರೋಗಿಗಳ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಕೆತ್ತನೆ ಯುರೋಪಿನ ಮನೆಮನೆಗೆ ಹೋಯಿತು. ಒಂದೊಂದು ಗೆರೆಯನ್ನೂ ಲೋಹದಲ್ಲಿ ಕೊರೆಯುವ ಕೆಲಸ ಮನುಷ್ಯನಿಂದ ಎಷ್ಟು ಕೇಳುತ್ತದೆ ಎಂದು ಅದನ್ನು ನೋಡುವಾಗಲೆಲ್ಲ ನನಗೆ ಅನಿಸುತ್ತದೆ.

ಅಷ್ಟಾದರೂ ಈ ಒಂದು ಚಿತ್ರಕ್ಕೆ ಕೆತ್ತನೆಗಿಂತ ಕಲ್ಲಚ್ಚು ಜಾಸ್ತಿ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾರಣ ಮಡೋನಾಳ ಹಿಂದಿನ ಮೋಡ. ದೂರದಿಂದ ಅದು ಬರೀ ಮೋಡ, ಬೆಳಕು. ಹತ್ತಿರ ಹೋಗಿ ನಿಂತರೆ ಅಷ್ಟೂ ಮುಖಗಳು. ಹತ್ತಾರು ಪುಟ್ಟ ದೇವದೂತರ ಮುಖಗಳು ಒಂದರೊಳಗೊಂದು ಕರಗಿ ನಿಂತಿವೆ. ಮೂಗು ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ಕೆತ್ತನೆಗಾರನ ಕೈಯಲ್ಲಿ ಇರುವುದು ಗೆರೆ. ಗೆರೆ ಎಳೆದ ತಕ್ಷಣ ಮುಖಕ್ಕೆ ಅಂಚು ಬಂದುಬಿಡುತ್ತದೆ. ಕಲ್ಲಿನ ಮೇಲೆ ಕಡ್ಡಿಯನ್ನು ಮೆಲ್ಲಗೆ ಸವರಿದರೆ ಅಂಚಿಲ್ಲದ ನೆರಳು ಬರುತ್ತದೆ. ನಿಮ್ಮ ಹಾಳೆಯಲ್ಲಿ ಸಿಕ್ಸ್‌ಟಸ್‌ನ ತಲೆಯ ಮೇಲಿನ ಭಾಗಕ್ಕೆ ಭೂತಗನ್ನಡಿ ಹಿಡಿಯಿರಿ, ಕಾಳು ಮಾತ್ರ ಕಾಣುತ್ತದೆ. ಈಗ ಭೂತಗನ್ನಡಿ ತೆಗೆದು ಒಂದು ಮೊಳ ಹಿಂದೆ ಸರಿಯಿರಿ. ಎರಡು ಕಣ್ಣು, ಒಂದು ಬಾಯಿ ಮೋಡದಿಂದ ಎದ್ದು ಬರುತ್ತವೆ. ಇನ್ನೆರಡು ಹೆಜ್ಜೆ ಹಿಂದೆ ಹೋದರೆ ಮತ್ತೆ ಮೋಡ. ರಾಫೆಲ್ ಬಣ್ಣದಲ್ಲಿ ಮಾಡಿದ್ದನ್ನು ಇನ್ನೊಬ್ಬ ಕಪ್ಪು ಕಡ್ಡಿಯೊಂದರಿಂದ, ಎಡಬಲ ತಿರುಗಿಸಿ, ಕಲ್ಲಿನ ತರಿಯಲ್ಲಿ ಸಾಧಿಸಿದ್ದಾನೆ. ಇದನ್ನು ನಕಲು ಅಂದು ಬಿಟ್ಟುಬಿಡಲು ನನಗೆ ಮನಸ್ಸು ಬರುವುದಿಲ್ಲ. ಗಾಯಕರೊಬ್ಬರು ದಾಸರ ಪದ ಹಾಡಿದರೆ ಅದನ್ನು ನಕಲು ಅನ್ನುತ್ತೇವಾ?

ಹಾಗಾಗಿ ‘ಅಸಲಿಯಾ’ ಎಂಬ ಪ್ರಶ್ನೆಗೆ ಉತ್ತರ: ಇದು ರಾಫೆಲ್‌ನ ಅಸಲಿ ಅಲ್ಲ, 19ನೇ ಶತಮಾನದ ಕಲ್ಲಚ್ಚಿನ ಅಸಲಿ ಪ್ರತಿ. ಅಂದಿನ ಜನಕ್ಕೆ ಇದರ ಅಗತ್ಯವೂ ಇತ್ತು. ಫೋಟೋಗ್ರಫಿ ಬಂದದ್ದು 1839ರಲ್ಲಿ. ಬಣ್ಣದ ಚಿತ್ರವನ್ನು ಚೆನ್ನಾಗಿ ಹಿಡಿದು ನೂರಾರು ಪ್ರತಿ ಮಾಡುವ ಶಕ್ತಿ ಅದಕ್ಕೆ ಇನ್ನೂ ಬಂದಿರಲಿಲ್ಲ. ಡ್ರೆಸ್ಡೆನ್‌ಗೆ ಹೋಗಲಾಗದ ಮನುಷ್ಯನಿಗೆ ರಾಫೆಲ್ ಅಂದರೆ ಇಂಥ ಹಾಳೆಯೇ.

ಇದೇ ವಿದ್ಯೆ ಅದೇ ವರ್ಷಗಳಲ್ಲಿ ನಿಮ್ಮ ಕರಾವಳಿಗೂ ಬಂದಿತ್ತು ಅನ್ನುವುದನ್ನು ಅಮ್ಮನಿಗೆ ಹೇಳಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲೇ. ಹಾನ್‌ಫ್‌ಸ್ಟೆಂಗ್ಲ್ ಡ್ರೆಸ್ಡೆನ್ ಚಿತ್ರಗಳನ್ನು ಒಂದೊಂದಾಗಿ ಹೊರತರುತ್ತಿದ್ದಾಗ ಮಂಗಳೂರಿನಲ್ಲಿ ಕನ್ನಡದ ಅಕ್ಷರ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು. ಐವತ್ತು ವರ್ಷದ ಮೇಲೆ, 1894ರಲ್ಲಿ, ರವಿವರ್ಮ ಮುಂಬೈಯಲ್ಲಿ ಮುದ್ರಣಾಲಯ ತೆರೆದ. ನಮ್ಮ ಅಜ್ಜಿಯಂದಿರ ಮನೆಯ ಲಕ್ಷ್ಮಿ, ಸರಸ್ವತಿ ಪಟಗಳು ಬಂದದ್ದು ಇದೇ ವಿದ್ಯೆಯಿಂದ, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು.

ಬೆಲೆಯ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಇಂಥ ಅಚ್ಚುಗಳು ಅಂದು ಬಹಳ ಪ್ರತಿ ಬಂದಿವೆ, ಇಂದು ಕೊಳ್ಳುವವರು ಕಡಿಮೆ. ಎಷ್ಟೋ ಸಲ ವ್ಯಾಪಾರಿಗಳು ಫ್ರೇಮಿಗೇ ದುಡ್ಡು ಕೊಡುತ್ತಾರೆ. ಹಾಳೆಯ ಅಂಚು ಕತ್ತರಿಸದೆ ಪೂರ್ತಿ ಇದ್ದರೆ, ಅಕ್ಷರಗಳು ಉಳಿದಿದ್ದರೆ, ಹರಿದಿಲ್ಲದಿದ್ದರೆ ಸ್ವಲ್ಪ ಮೇಲು. ನೀವು ಕೊಟ್ಟ ದುಡ್ಡಿಗೆ ಮೋಸವಾಗಿಲ್ಲ, ಅಷ್ಟು ಸಾಕು.

ಕಂದು ಚುಕ್ಕೆಗಳಿಗೆ ನೀವಾಗಿ ಏನೂ ಮಾಡಬೇಡಿ. ಕಾಗದದಲ್ಲಿ ಸೇರಿಕೊಂಡ ಕಬ್ಬಿಣದ ಕಣ, ತೇವ, ಬೂಷ್ಟು ಇವುಗಳಿಂದ ಅವು ಬರುತ್ತವೆ. ಬ್ಲೀಚ್, ನಿಂಬೆರಸ, ಇಸ್ತ್ರಿ ಪೆಟ್ಟಿಗೆ ಎಂದೆಲ್ಲ ಇಂಟರ್ನೆಟ್‌ನಲ್ಲಿ ಸಲಹೆ ಸಿಗುತ್ತದೆ. ಒಂದನ್ನೂ ಕೇಳಬೇಡಿ. ಆಗಲೇ ಹೇಳಿದೆನಲ್ಲ, ನಿಮ್ಮದು ಎರಡು ಪದರದ ಕಾಗದ. ನೀರು ತಾಗಿದರೆ ಮೇಲಿನ ನವಿರು ಹಾಳೆ ಬಿಟ್ಟುಕೊಳ್ಳುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೇ ಒಂದು ಅಚ್ಚಿನ ಮೂಲೆಯ ಕಲೆಯನ್ನು ಒದ್ದೆ ಹತ್ತಿಯಿಂದ ಒರೆಸಿದೆ. ಹಾಳೆ ಗುಳ್ಳೆಯೆದ್ದು ಸುಕ್ಕಾಯಿತು. ಚೂರೇ ಚೂರು ನೀರು, ಆ ಸುಕ್ಕು ಇವತ್ತಿಗೂ ಹೋಗಿಲ್ಲ. ಅಂದಿನಿಂದ ಇಂಥ ಹಾಳೆಯ ಹತ್ತಿರ ನೀರಿನ ಲೋಟ ಕೂಡ ಇಡುವುದಿಲ್ಲ. ಚುಕ್ಕೆ ಮುಖದ ಮೇಲೆ ಇಲ್ಲದಿದ್ದರೆ ಹಾಗೇ ಬಿಡಿ. ತೀರಾ ಬೇಸರವಾದರೆ ಕಾಗದ ಸಂರಕ್ಷಣೆ ಕಲಿತವರ ಹತ್ತಿರವೇ ಕೊಡಿ. ನೀವು ಅಲ್ಲಿ ಇರುವಾಗಲೇ ಮಾಡಿಸುವುದು ಒಳ್ಳೆಯದು.

ಅದಕ್ಕಿಂತ ಮುಖ್ಯ, ಫ್ರೇಮಿನ ಹಿಂಬದಿ. ಫೋಟೋದಲ್ಲಿ ಹಳೇ ಮರದ ಹಲಗೆ ಕಾಣುತ್ತಿದೆ. ಹಲಗೆಯ ಹುಳಿ ಕಾಗದಕ್ಕೆ ಇಳಿದು ಹಿಂದಿನಿಂದ ಕಂದಾಗಿಸುತ್ತದೆ. ಕಪ್ಪು ಶಾಯಿ ದೀಪದ ಕಪ್ಪಿನದು, ಬೆಳಕಿಗೆ ಮಾಸುವುದಿಲ್ಲ. ಹಾಳಾಗುವುದು ಕಾಗದ. ಒಳ್ಳೆಯ ಫ್ರೇಮ್ ಅಂಗಡಿಯಲ್ಲಿ ಹಲಗೆ ತೆಗೆಸಿ ಹುಳಿಯಿಲ್ಲದ ಬೋರ್ಡ್ ಹಾಕಿಸಿ. ಗಾಜು ಕಾಗದಕ್ಕೆ ತಾಗದ ಹಾಗೆ ನಡುವೆ ದಪ್ಪ ರಟ್ಟಿನ ಅಂಚು ಇರಲಿ. ಯಾವುದಕ್ಕೂ ಸೆಲ್ಲೋಟೇಪ್ ಬೇಡ.

ಊರಿಗೆ ಒಯ್ಯುವಾಗ ಗಾಜು ಬೇರೆ, ಹಾಳೆ ಬೇರೆ. ಹಾಳೆಯನ್ನು ಸುರುಳಿ ಸುತ್ತಬೇಡಿ, ಎರಡು ಗಟ್ಟಿ ಬೋರ್ಡುಗಳ ನಡುವೆ ಚಪ್ಪಟೆಯಾಗಿ ಇಡಿ. ಉಡುಪಿಯ ಮಳೆಗಾಲ ನಿಮಗೆ ನಾನು ಹೇಳಬೇಕಾ? ಹೊರಗೋಡೆಗೆ ತೂಗಬೇಡಿ, ಅದು ಜೂನ್‌ನಿಂದ ತೇವ ಎಳೆಯುತ್ತದೆ. ಒಳಗೋಡೆಗೆ ತೂಗಿ, ಫ್ರೇಮಿನ ಹಿಂದೆ ಎರಡು ಬಿರಡೆ ಚೂರು ಅಂಟಿಸಿ, ಗಾಳಿ ಆಡಲಿ. ಗೆದ್ದಲು ಗೋಡೆ ಹಿಡಿದೇ ಬರುವುದು, ಅದಕ್ಕೂ ಈ ಜಾಗ ಒಳ್ಳೆಯದು. ವಸ್ತುಸಂಗ್ರಹಾಲಯಗಳಲ್ಲಿ ಕಾಗದದ ಚಿತ್ರಗಳಿಗೆ 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ, ಸಂಜೆ ಹೊತ್ತಿನ ಮಂದ ದೀಪದ ಕೋಣೆಯಷ್ಟು. ಮನೆಯಲ್ಲಿ ಅಷ್ಟು ಕಟ್ಟುನಿಟ್ಟು ಬೇಡ, ಕಿಟಕಿಯ ಬಿಸಿಲು ನೇರ ಬೀಳದಿದ್ದರೆ ಆಯಿತು.

ಅಮ್ಮನ ಆಸೆಯಲ್ಲಿ ತಪ್ಪಿಲ್ಲ. ರಾಫೆಲ್ ಇದನ್ನು ಬರೆದದ್ದೇ ಪೂಜೆಯ ಜಾಗಕ್ಕೆ, ಮುಂದೆ ಮೇಣದಬತ್ತಿ ಉರಿಯುವ ಪೀಠಕ್ಕೆ. ಆದರೆ ಅದು ತೈಲವರ್ಣ, ಇದು ಕಾಗದ. ದೇವರ ಕೋಣೆಯಲ್ಲಿ ಎಣ್ಣೆ ದೀಪದ ಮಸಿ, ಊದುಬತ್ತಿ ಹೊಗೆ, ಕರ್ಪೂರ ಎಲ್ಲ ಇರುತ್ತದೆ. ಹೊಗೆಗೆ ಫ್ರೇಮಿನ ಕೂದಲೆಳೆ ಸಂದು ಸಾಕು, ಒಳಗೆ ಹೋಗುತ್ತದೆ. ಒದ್ದೆ ಹೂವಿನ ಹಾರದ ನೀರು ಗಾಜಿನ ಕೆಳಗಂಚಿನಲ್ಲಿ ಇಳಿಯುತ್ತದೆ, ಆ ಎರಡು ಪುಟ್ಟ ದೇವದೂತರು ಇರುವುದೂ ಅಲ್ಲೇ. ದೇವರ ಕೋಣೆಯ ಬಾಗಿಲಿನ ಎದುರಿನ ಒಳಗೋಡೆ ಖಾಲಿ ಇದ್ದರೆ ಅಲ್ಲಿ ತೂಗಿ. ಅಮ್ಮ ದೀಪ ಹಚ್ಚಿ ತಿರುಗಿದಾಗ ಕಣ್ಣಿಗೆ ಬೀಳುತ್ತದೆ, ಹೊಗೆಯೂ ತಾಗುವುದಿಲ್ಲ. ಎತ್ತರ ಮಾತ್ರ ಅಮ್ಮನ ಕಣ್ಣಿನ ಮಟ್ಟಕ್ಕೆ ಇರಲಿ, ಮೋಡದಲ್ಲಿರುವ ಮುಖಗಳು ಅವರಿಗೂ ಕಾಣಬೇಕಲ್ಲ.